ಕೇಸಿಂಗಿನ ನಾಲ್ಕನೆಯ ತುಂಡು

ಆ ಊರಿನವರು ನಮಗೆ ಮೊದಲು ನಿಲ್ಲಿಸಿದ್ದು ನೀರು. ಬೈಗುಳ ಆಮೇಲೆ ಬಂತು. ರಸ್ತೆಗೆ ಅಡ್ಡ ಕಾಲುವೆ ತೋಡಿದ್ದು ಅದಕ್ಕೂ ಆಮೇಲೆ. ಬೋರ್‌ವೆಲ್ ಲಾರಿ ಕಲ್ಲನ್ನು ಪುಡಿಮಾಡಿ ಗಾಳಿಯಿಂದ ಹೊರಕ್ಕೆ ಊದುತ್ತದೆ. ನಮ್ಮದು ಹಾಗಲ್ಲ. ವಜ್ರದ ಹರಳು ಕೂರಿಸಿದ ಬಿಟ್ಟು, ಅಂದರೆ ಕೊರೆಯುವ ಮೊನೆ, ಬಂಡೆಯನ್ನು ಬಳೆಯಂತೆ ಕೊರೆಯುತ್ತ ಇಳಿಯುತ್ತದೆ, ನಡುವೆ ಉಳಿದ ಕಲ್ಲಿನ ಕೋಲು ಇಡಿಯಾಗಿ ಮೇಲೆ ಬರುತ್ತದೆ. ಆ ಕೋಲಿಗೆ ಕೋರ್ ಎನ್ನುತ್ತೇವೆ. ಬಿಟ್ಟು ಸುಟ್ಟುಹೋಗದಿರಲು ದಿನವಿಡೀ ನೀರು ಪಂಪ್ ಮಾಡುತ್ತಲೇ ಇರಬೇಕು. ಊರಿನವರಿಗೆ ಇದು ಹೇಗೆ ಗೊತ್ತಾಯಿತೋ, ನಾವು ಹೋದ ಎರಡನೆಯ ದಿನವೇ ಕೆರೆಗೆ ಕಾವಲು ಬಿತ್ತು. ಶಿರಾಳಕೊಪ್ಪದಿಂದ ಟ್ಯಾಂಕರ್ ತರಿಸಿದೆ. ಆ ಟ್ಯಾಂಕರಿನ ನೀರನ್ನು ಗದ್ದೆಗೆ ಬಿಟ್ಟು ಕಳಿಸಿದರು.

ನಾನು ಸೊರಬದ ಕಡೆಯವನು, ಚಂದ್ರಗುತ್ತಿಯ ಗುಡ್ಡ ಕಾಣುವ ಊರು ನನ್ನದು. ಶಿಕಾರಿಪುರ ತಾಲ್ಲೂಕಿನಲ್ಲಿ ಕೆಲಸ ಎಂದಾಗ ಮನೆಯ ಹತ್ತಿರ ಇರಬಹುದೆಂದು ಖುಷಿಪಟ್ಟು ಒಪ್ಪಿಕೊಂಡಿದ್ದೆ. ಗುತ್ತಿಗೆದಾರ ಕಂಪನಿಯೊಂದರ ಡ್ರಿಲ್ಲರ್ ನಾನು. ಯುರೇನಿಯಂ ಇದೆಯೋ ಇಲ್ಲವೋ ನೋಡಲು ಗೋಮಾಳದಲ್ಲಿ ಕೆಲವು ತೂತು ಹೊಡೆಯಬೇಕಿತ್ತು. ಊರಿನವರು ಗಣಿ ಬಂದೇಬಿಟ್ಟಿತೆಂದು ಎದ್ದು ನಿಂತರು.

"ಬರೀ ನೋಡೋದಷ್ಟೇ ನಮ್ಮ ಕೆಲಸ ಅಕ್ಕಾ, ತೆಗೆಯೋದಲ್ಲ" ಎಂದು ನಾನು ಮುಂದೆ ನಿಂತಿದ್ದ ಹೆಂಗಸಿಗೆ ಹೇಳಿದೆ. ನಲವತ್ತು ದಾಟಿದ ಗಟ್ಟಿ ಆಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಧರಣಿ ಕೂತವರಿಗೆಲ್ಲ ಅಡುಗೆ ಮಾಡಿ ಬಡಿಸುವುದು ಅವಳ ಪಾಲಿನ ಕೆಲಸ. ಬೈಯುವುದರಲ್ಲೂ ಎತ್ತಿದ ಕೈ ಎಂದು ಆಮೇಲೆ ತಿಳಿಯಿತು.

"ಹೆಣ್ಣು ನೋಡಾಕ ಬಂದೋರೂ ಹಂಗ ಅಂತಾರ, ಸುಮ್ನ ನೋಡ್ಕಂಡು ಹೋಗ್ತೀವಿ ಅಂತ" ಎಂದಳು. "ಆಮ್ಯಾಲೆ ಕರ್ಕಂಡ ಹೋಗಾದು."

ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದವನು ನಾನು, ಯಾರ ಮನೆಯದನ್ನೂ ಕದ್ದವನಲ್ಲ. ಆ ಊರಿನಲ್ಲಿ ನನಗೆ ಕಳ್ಳ ಎಂಬ ಹೆಸರೇ ಗಟ್ಟಿಯಾಯಿತು. ದುಡ್ಡು ಕೊಡುತ್ತೇನೆಂದರೂ ಯಾವ ಅಂಗಡಿಯಲ್ಲೂ ಒಂದು ಲೋಟ ಚಹಾ ಹುಟ್ಟಲಿಲ್ಲ.

ದೂರದ ಹಳ್ಳದಿಂದ ಹೇಗೋ ನೀರು ಹೊತ್ತು ತಂದು ಒಂದು ತೂತು ಇಳಿಸಿದೆ. ಮೇಲಿನ ಮಣ್ಣು, ಜಂಬಿಟ್ಟಿಗೆ, ಮೆತ್ತನೆ ಕಲ್ಲು ಕುಸಿಯದಂತೆ ಕಬ್ಬಿಣದ ಕೊಳವೆ ಕೂರಿಸುತ್ತೇವೆ, ಅದು ಕೇಸಿಂಗ್. ಮೂರು ತುಂಡು ಒಂದರ ಮೇಲೊಂದು ತಿರುಗಿಸಿ, ಗಟ್ಟಿ ಬಂಡೆ ಮುಟ್ಟುವವರೆಗೆ ಇಳಿಸಿದ್ದೆ. ಕೋರ್ ಚೆನ್ನಾಗಿ ಬರುತ್ತಿತ್ತು. ಒಂದು ಮಧ್ಯಾಹ್ನ ಬಿಟ್ಟು ಸೀಳು ಬಂಡೆಯೊಂದಕ್ಕೆ ಹೊಕ್ಕಿತು. ನಾನು ಪಂಪ್ ನಿಲ್ಲಿಸಿದೆ. ಪಂಪ್ ನಿಂತರೂ ನೀರು ಮೇಲಕ್ಕೆ ಬರುತ್ತಲೇ ಇತ್ತು.

ಹೀಗೂ ಆಗುವುದುಂಟು. ಆಳದಲ್ಲಿ ಒತ್ತಡದಲ್ಲಿ ಸಿಕ್ಕಿಕೊಂಡ ನೀರು ದಾರಿ ಸಿಕ್ಕರೆ ಏರುತ್ತದೆ. ಕೈಯಲ್ಲಿ ಹಿಡಿದು ನೋಡಿದೆ: ಉಗುರುಬೆಚ್ಚಗೆ ಇತ್ತು, ತುಕ್ಕಿನ ವಾಸನೆ. ನೆಲದ ಮೇಲೆ ಹರಿಯುವ ನೀರನ್ನು ನಿಲ್ಲಿಸಲು ಒಂದೇ ಉಪಾಯ, ಕೊಳವೆಯನ್ನು ಎತ್ತರಿಸುವುದು. ನಾಲ್ಕನೆಯ ತುಂಡನ್ನು ಮೇಲೆ ತಿರುಗಿಸಿದೆ. ನೀರು ಅದರೊಳಗೆ ಏರಿ, ಬಾಯಿಗಿಂತ ಒಂದು ಮೊಳ ಕೆಳಗೆ ತಾನಾಗಿ ನಿಂತಿತು. ಮೇಲೊಂದು ಮುಚ್ಚಳ ಬಿಗಿದೆ. ಮರುದಿನ ಸಿಮೆಂಟ್ ತರಿಸಿ ತೂತು ಮುಚ್ಚುವುದೆಂದು ಲೆಕ್ಕ ಹಾಕಿದ್ದೆ.

ಮರುದಿನ ಬೆಳಿಗ್ಗೆ ಊರಿಗೆ ಊರೇ ಗೋಮಾಳಕ್ಕೆ ಬಂತು. ಕೊರೆಯುವ ಯಂತ್ರ ಹೊತ್ತ ರಿಗ್ ಲಾರಿಯ ಗಾಲಿಗಳ ಗಾಳಿ ಬಿಟ್ಟರು, ಕೋರ್ ಪೆಟ್ಟಿಗೆಗಳನ್ನು ಬೋರಲು ಹಾಕಿದರು. ಸಿಮೆಂಟಿನ ಮಾತೆತ್ತಿದರೆ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನಾನೂ, ತಮಿಳುನಾಡಿನ ನನ್ನ ಆಪರೇಟರೂ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ಸಿನ ರಸ್ತೆಯವರೆಗೆ ನಡೆದೆವು. ಹಿಂದಿನಿಂದ ತಮಟೆ ಬಾರಿಸಿಕೊಂಡು ಬಂದು ಊರಿನ ಗಡಿ ದಾಟಿಸಿದರು. ಕೇಸಿಂಗ್ ಇದೆ, ಮುಚ್ಚಳ ಇದೆ, ಇವರ ಪುಣ್ಯಕ್ಕೆ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಯುಗಾದಿ ಕಳೆದ ಮೇಲೆ ಮಾತುಕತೆ ಆಯಿತು. ಸದ್ಯಕ್ಕೆ ಆ ಜಾಗ ಕೈಬಿಟ್ಟಿದ್ದೇವೆ, ರಿಗ್ ಬಿಟ್ಟುಕೊಡಿ ಎಂದು ಕಂಪನಿ ಕೇಳಿತು, ಊರಿನವರು ಒಪ್ಪಿದರು. ರಿಗ್ ತರಲು ಮತ್ತೆ ನಾವಿಬ್ಬರೇ ಹೋದೆವು.

ಊರ ಮುಂದೆ ಧರಣಿಯ ಚಪ್ಪರ ಇನ್ನೂ ನಿಂತಿತ್ತು. ಗಾಳಿಗೆ ಹಸಿರು ಬಾವುಟ ಹಾರುತ್ತಿತ್ತು. ಬಾವುಟದ ಕಂಬದ ತುದಿಯಲ್ಲಿ ಮರೆ ಇತ್ತು, ಅಂದರೆ ತಿರುಪಿನ ಗೆರೆ. ಅಲ್ಲಿಂದ ಕಣ್ಣು ಚಪ್ಪರದ ಕಂಬಗಳಿಗೆ ಇಳಿಯಿತು. ಅವುಗಳಲ್ಲಿ ಮೂರು ಕಬ್ಬಿಣದವು, ಸುಣ್ಣ ಬಳಿದಿದ್ದರು. ಆಪರೇಟರ್ ನನ್ನ ತೋಳು ಹಿಡಿದು, "ಅಣ್ಣಾ, ನಮ್ಮ ಪೈಪು" ಎಂದ.

ಜೆಸಿಬಿ ತರಿಸಿ ಕಿತ್ತಿದ್ದರು. ಗೆದ್ದ ಗುರುತಿಗೆ. ಗೋಮಾಳಕ್ಕೆ ಓಡಿದೆ. ತೂತಿನ ಜಾಗದಲ್ಲಿ ಕಲ್ಲಿನ ಗುಪ್ಪೆ, ಮೇಲೆ ಕುಂಕುಮ. ಮನೆಗೊಂದರಂತೆ ತಮ್ಮ ತಮ್ಮ ಹೊಲದಿಂದ ಕಲ್ಲು ತಂದು ತೂತಿಗೆ ಹಾಕಿ ಮಣ್ಣು ಮಾಡಿದೆವು ಎಂದು ಹಿಂದೆಯೇ ಬಂದ ಹಿರಿಯರೊಬ್ಬರು ಹೆಮ್ಮೆಯಿಂದ ಹೇಳಿದರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಹಸಿರು ಶಾಲು. ಧರಣಿಗೆ ಅವರೇ ಯಜಮಾನರು, ಎಲ್ಲರೂ ಅವರನ್ನು ಗೌಡರೇ ಎಂದು ಕರೆಯುತ್ತಿದ್ದರು. ನಾನು ಗುಪ್ಪೆ ಸರಿಸಿ, ದಾರಕ್ಕೆ ಬೋಲ್ಟ್ ಕಟ್ಟಿ ಇಳಿಬಿಟ್ಟೆ. ಸ್ವಲ್ಪವೇ ಕೆಳಗೆ ಹೋಗಿ ನಿಂತಿತು. ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ನಡುದಾರಿಯಲ್ಲೇ ಸಿಕ್ಕಿಕೊಂಡಿದ್ದವು. ಅವುಗಳ ಕೆಳಗೆ ತೂತು ತುಂಬದೆ ಹಾಗೆಯೇ ಉಳಿದಿರಬೇಕು.

"ಏನ್ ಹುಡುಕ್ತೀಯೋ ಅಲ್ಲಿ?" ಎಂದರು ಗೌಡರು. "ನಿಂದೇನೂ ಉಳಿದಿಲ್ಲ. ಬಾವುಟ ಏರಿಸಿದ ಮ್ಯಾಲೆ ನಮ್ಮ ಬಾವಿನೂ ಏರೈತಿ, ಬಾ ತೋರಸ್ತೀನಿ. ಈ ಬ್ಯಾಸಿಗ್ಯಾಗ! ಗಂಗವ್ವ ಮೆಚ್ಚಿ ಬಂದಾಳ."

ಗೋಮಾಳದ ಇಳಿಜಾರಿನಲ್ಲಿ ಊರಿನ ಕುಡಿಯುವ ನೀರಿನ ಬಾವಿ. ಬಾವಿ ನಿಜಕ್ಕೂ ತುಂಬಿತ್ತು. ಕಟ್ಟೆಗೆ ಹೊಸ ಬಳೆ, ಅರಿಸಿನದ ಪೂಜೆ. ಸುತ್ತಲಿನ ಹೊಲಗಳು ಬಿರುಕು ಬಿಟ್ಟಿದ್ದ ಹೊತ್ತು ಅದು. ನನಗೆ ಯಾರೂ ನೀರು ಕೊಡುವುದಿಲ್ಲವೆಂದು ಗೊತ್ತಿದ್ದರಿಂದ, ದನಗಳಿಗೆ ಆಗಷ್ಟೇ ಸುರಿದಿದ್ದ ಕಲ್ಲುಬಾನಿಯಲ್ಲಿ ಕೈ ಅದ್ದಿದೆ. ಉಗುರುಬೆಚ್ಚಗೆ ಇತ್ತು. ಮೂಸಿ ನೋಡಿದೆ. ಅದೇ ತುಕ್ಕಿನ ವಾಸನೆ.

ಕೇಸಿಂಗ್ ಇದ್ದಾಗ ಕೆಳಗಿನ ನೀರು ಕೊಳವೆಯೊಳಗೇ ನಿಂತಿತ್ತು. ಕೊಳವೆ ಕಿತ್ತ ಮೇಲೆ ಅದು ಬಂಡೆಯಿಂದ ಏರಿ, ಕಲ್ಲುಗಳ ಸಂದಿಯಲ್ಲಿ ನುಸುಳಿ, ಮೆತ್ತನೆ ಮಣ್ಣಿಗೆ ಹರಡಿ ಬಾವಿಗೆ ಇಳಿಯುತ್ತಿತ್ತು. ಅದರಲ್ಲಿ ಏನಿದೆಯೋ ನನಗೆ ಗೊತ್ತಿರಲಿಲ್ಲ, ಲ್ಯಾಬಿನವರು ಹೇಳಬೇಕು. ಆದರೆ ನಾವು ಯಾವ ಬಂಡೆಯನ್ನು ಹುಡುಕಿಕೊಂಡು ಬಂದಿದ್ದೆವೋ ಆ ಬಂಡೆಯೊಳಗೆ ಕೂತಿದ್ದ ನೀರು ಅದು. ಅದನ್ನು ಊರಿನ ಮಕ್ಕಳು ಕುಡಿಯುತ್ತಿದ್ದರು.

ಕಂಪನಿಯ ಮ್ಯಾನೇಜರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಣ್ಣಗೆ ಹೇಳಿದರು: "ಪೈಪು ಕಿತ್ತಿದ್ದು ಅವರು, ಕಲ್ಲು ಹಾಕಿದ್ದು ಅವರು. ನೀವು ರಿಗ್ ಹೊರಡಿಸಿ. ಆ ನೀರಿನ ವಿಷಯ ಅಲ್ಲಿ ಬಾಯಿಬಿಟ್ಟಿರೋ, ನಾಳೆ ಅದೇ ಅವರ ಕೈಗೆ ಸಾಕ್ಷಿ. ನಿಮ್ಮ ನೌಕರಿ ನೀವೇ ನೋಡ್ಕೊಳ್ಳಿ."

ಸುಳ್ಳು ಹೇಳುವುದಿಲ್ಲ, ಹೊರಟುಬಿಡೋಣ ಎಂದು ನನಗೂ ಅನ್ನಿಸಿತು. ತಮಟೆ ಬಾರಿಸಿ ಓಡಿಸಿದವರ ಬಾವಿಯ ಚಿಂತೆ ನನಗ್ಯಾಕೆ? ಸಿಟ್ಟು ಇನ್ನೂ ಬಿಸಿಯಾಗಿಯೇ ಇತ್ತು. ಆಪರೇಟರ್ ಗಾಲಿಗಳಿಗೆ ಗಾಳಿ ತುಂಬಿಸಿ, ಎಂಜಿನ್ ಶುರು ಮಾಡಿ, ಕಿಟಕಿಯಿಂದ ನನ್ನ ಮುಖ ನೋಡಿದ. ನಾನು ಇಷ್ಟು ವರ್ಷದಲ್ಲಿ ಕೊರೆದ ಯಾವ ತೂತನ್ನೂ ಬಾಯಿ ತೆರೆದು ಬಿಟ್ಟು ಬಂದವನಲ್ಲ. ನನಗೆ ಇರುವುದು ಅದೊಂದೇ ಮರ್ಯಾದೆ. ಅದನ್ನು ಈ ಊರಿನವರ ಮೇಲಿನ ಸಿಟ್ಟಿಗೆ ಯಾಕೆ ಕಳೆದುಕೊಳ್ಳಲಿ? ಎಂಜಿನ್ ಆರಿಸು ಎಂದು ಕೈಸನ್ನೆ ಮಾಡಿ ಚಪ್ಪರಕ್ಕೆ ನಡೆದೆ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಾವಿಗೆ ಬಂದಿರುವುದು ತೂತಿನ ನೀರು, ಕುಡಿಯಬೇಡಿ. ಕಲ್ಲು ತೆಗೆಯಲು ಮೆಷಿನ್ ಮತ್ತೆ ಓಡಿಸಬೇಕು. ನಾಲ್ಕೂ ಪೈಪು ಬೇಕು. ಆಮೇಲೆ ತಳದಿಂದ ಸಿಮೆಂಟ್ ತುಂಬುತ್ತೇನೆ.

ಎಲ್ಲರೂ ಒಮ್ಮೆಲೇ ಎದ್ದರು.

"ಬಾವುಟ ಇಳಸಾಕ ಬಂದಾನ!" ಎಂದು ಯಾರೋ ಕೂಗಿದರು. ಇನ್ನೊಬ್ಬರು ನನ್ನ ಮಾತನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಗೌಡರು ಕೈ ಎತ್ತಿ ಸುಮ್ಮನಾಗಿಸಿದರು.

"ನಮ್ಮವ್ವನ ತವರು ಈಸೂರು" ಎಂದರು. "ಅಲ್ಲಿ ಬ್ರಿಟಿಷರ ಎದುರಿಗೆ ಏರಿಸಿದ್ದನ್ನ ಇಳಿಸಿದ ಸುದ್ದಿ ಎಲ್ಲ್ಯಾರ ಕೇಳೀಯೇನು? ಪೈಪು ಬೇಕು, ಮಿಶನ್ ಓಡ್ಸಬೇಕು, ಮತ್ತ ಕೊರೀಬೇಕು. ಚಲೋ ಐತಿ ನಿನ್ನ ಆಟ. ಈ ಉಪಾಯ ಹೇಳಿಕೊಟ್ಟೋರು ಯಾರು?"

"ಯಾರೂ ಹೇಳಿಕೊಟ್ಟಿಲ್ಲ ಗೌಡ್ರೆ. ಹೇಳಬೇಡ ಅಂದವ್ರೇ ಇರೋದು. ನನ್ನನ್ನ ನಂಬಬೇಡಿ ಮಾರಾಯ್ರೆ, ಬಾವಿ ನೀರನ್ನ ಮೂಸಿ ನೋಡಿ."

"ಹೊಸ ನೀರು ಬಂದಾಗ ವಾಸನಿ ಇರತೈತಿ" ಎಂದರು ಗೌಡರು.

ಒಲೆಯ ಹತ್ತಿರ ನಿಂತಿದ್ದ ಅಡುಗೆಯ ಹೆಂಗಸು ಸೌಟನ್ನು ಪಾತ್ರೆಗೆ ಬಡಿದಳು. ಅವಳೂ ನನ್ನನ್ನು ಬೈಯಲು ಬರುತ್ತಿದ್ದಾಳೆ ಎಂದುಕೊಂಡೆ.

"ಬ್ಯಾಳಿ ಬೇಯವಲ್ದು" ಎಂದಳು, ನನಗಲ್ಲ, ಗೌಡರಿಗೆ. "ಬಾವಿ ಏರಿದಾಗಿಂದ ಬೇಯವಲ್ದು. ಹಳೇ ಬ್ಯಾಳಿ ಕೊಟ್ಟಾನ ಅಂತ ಅಂಗಡಿಯವನ ಸಂಗಾಟ ಎರಡು ಸಲ ಜಗಳಾಡೀನಿ. ಸೋಪು ನೊರಿ ಬಿಡವಲ್ದು. ಇವ ಕಳ್ಳನೋ ಸುಳ್ಳನೋ ನನಗೇನು ಗೊತ್ತು? ನನ್ನ ಬ್ಯಾಳಿ ಸುಳ್ಳು ಹೇಳಂಗಿಲ್ಲ."

ಅಲ್ಲೇ ತೀರ್ಮಾನವಾಯಿತು. ಎರಡು ಒಲೆ ಹೂಡಿದಳು. ಒಂದರ ಮೇಲೆ ಬಾವಿಯ ನೀರು, ಇನ್ನೊಂದರ ಮೇಲೆ ಊರಾಚೆಯ ಕೆರೆಯಿಂದ ತರಿಸಿದ ನೀರು, ಎರಡಕ್ಕೂ ಒಂದೇ ಡಬ್ಬಿಯಿಂದ ಒಂದೇ ಅಳತೆಯ ತೊಗರಿಬೇಳೆ. ಧರಣಿಯವರೆಲ್ಲ ಒಲೆಯ ಸುತ್ತ ಕೂತರು. ನನಗೆ ಕೂರಲು ಯಾರೂ ಹೇಳಲಿಲ್ಲ, ಬಿಸಿಲಿನಲ್ಲೇ ನಿಂತಿದ್ದೆ. ಕೆರೆ ನೀರಿನ ಬೇಳೆ ಒಡೆದು ಹಿಟ್ಟಾಯಿತು. ಬಾವಿ ನೀರಿನದನ್ನು ಅವಳು ಬೆರಳ ನಡುವೆ ಹಿಡಿದು ಗೌಡರ ಅಂಗೈಗೆ ಹಾಕಿದಳು. ಅವರು ಒತ್ತಿ ನೋಡಿದರು. ಕಲ್ಲಿನ ಹಾಗೆಯೇ ಇತ್ತು.

ಗೌಡರ ಮುಖ ಇಳಿದುಹೋಯಿತು. ಗಂಗವ್ವನಿಗೆ ಬಳೆ ಏರಿಸಿದ್ದವರು ಅವರೇ. ನನಗೆ ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಒಳಗೊಳಗೇ ಖುಷಿಯಾಯಿತು, ಹೇಳಲು ನಾಚಿಕೆ ಏನೂ ಇಲ್ಲ.

ಆದರೆ ಅವರು ಸೋತವರಂತೆ ಮಾತಾಡುವ ಜನ ಅಲ್ಲ. "ಹಂಗಾದ್ರ ತೂತು ಮುಚ್ಚಾ ತನಕ ರಿಗ್ಗು ಇಲ್ಲಿಂದ ಅಳ್ಳಾಡಂಗಿಲ್ಲ" ಎಂದರು. "ನಿಮ್ಮ ಮ್ಯಾನೇಜರಿಗೆ ಹೇಳು. ಚಪ್ಪರದ ಮೂರು ಪೈಪು ತಗಾ. ಬಾವುಟದ್ದು ಕೊಡಂಗಿಲ್ಲ."

"ಮೂರು ಸಾಲಲ್ಲ ಗೌಡ್ರೆ. ಮೂರು ಇಳಿಸಿದ್ರೆ ನೆಲದ ಮಟ್ಟಕ್ಕೆ ನಿಲ್ತದೆ, ನೀರು ಉಕ್ಕಿ ಹರೀತಾನೇ ಇರ್ತದೆ. ಹರಿಯೋ ನೀರು ಸಿಮೆಂಟನ್ನ ತೊಳ್ಕೊಂಡು ಹೋಗ್ತದೆ. ನಾಲ್ಕನೇದು ಮೇಲೆ ನಿಂತ್ರೆ ಮಾತ್ರ ನೀರು ಸುಮ್ಮನಾಗೋದು."

"ಶಿರಾಳಕೊಪ್ಪದಾಗ ಪೈಪಿಲ್ಲೇನು?"

"ಈ ಮರೆ ಕೂರೋ ಪೈಪು ಪ್ಯಾಟೆ ಅಂಗಡೀಲಿ ಸಿಗಲ್ಲ. ಕಂಪನಿ ಕೊಡಲ್ಲ."

ಮಾತು ಸಂಜೆಯವರೆಗೂ ಅಲ್ಲೇ ನಿಂತಿತು. ನನ್ನ ಮಾತಿನ ವಿಡಿಯೋ ಅಷ್ಟರಲ್ಲಿ ಮ್ಯಾನೇಜರರನ್ನು ತಲುಪಿತ್ತು. ಅವರ ಫೋನಿನ ಬೈಗುಳವೂ, ಊರಿನವರ ಬೈಗುಳವೂ ಒಂದೇ ಹೊತ್ತಿಗೆ ಕಿವಿಗೆ ಬೀಳುತ್ತಿತ್ತು. ರಿಗ್ ಬೇಕೆಂದರೆ ತೂತು ಮುಚ್ಚಲೇಬೇಕು ಎಂದಾಗ ಮ್ಯಾನೇಜರ್ ಹಲ್ಲು ಕಚ್ಚಿ ಒಪ್ಪಿಕೊಂಡರು. ಕಡೆಗೆ ಅಡುಗೆಯ ಹೆಂಗಸು ಪಾತ್ರೆ ತೊಳೆದಿಟ್ಟು ಬಂದು ಕೇಳಿದಳು: "ಆ ನಾಲ್ಕನೇದು ಎಷ್ಟೆತ್ತರ ನಿಲ್ಲತೈತಿ?"

"ಆಳಿಗಿಂತ ಎತ್ತರ. ಈಗ ಇದೆಯಲ್ಲ, ಇಷ್ಟೇ."

"ನಿಂತಾ ಇರತೈತಿ?"

"ಹೌದು."

ಅವಳು ಗೌಡರ ಕಡೆ ತಿರುಗಿದಳು. "ಮತ್ತೇನು ಮಾವಾ? ಇಳಸಾದೆಲ್ಲಿ ಬಂತು? ಕಂಬ ಊರ ಮುಂದಿಂದ ಗೋಮಾಳಕ್ಕ ಹೊಕ್ಕೈತಿ, ಅಷ್ಟ. ಅಲ್ಲಿ ತನಕ ಬಾವುಟ ನಾ ಹಿಡ್ಕಂತೀನಿ. ನೆಲಕ್ಕ ತಾಗಸಂಗಿಲ್ಲ."

ಮರುದಿನ ಬೆಳಿಗ್ಗೆಯಿಂದ ಕೆಲಸ. ಬಿದಿರು ನೆಟ್ಟು ಚಪ್ಪರ ಹಿಡಿದು ನಿಲ್ಲಿಸಿ ಮೂರು ಪೈಪು ಬಿಚ್ಚಿದರು. ನಾಲ್ಕನೆಯದನ್ನು ಒರಗಿಸಿ ಬಾವುಟ ಬಿಚ್ಚಿದಾಗ ಗೌಡರು ಆ ಕಡೆ ನೋಡಲಿಲ್ಲ. ಅವಳು ಅದನ್ನು ಹೆಗಲ ಮೇಲೆ ಹಾಕಿಕೊಂಡು ಗೋಮಾಳದವರೆಗೆ ನಡೆದಳು. ದಿನವಿಡೀ ಬಿಸಿಲಿನಲ್ಲಿ ಹಾಗೆಯೇ ನಿಂತಳು. ಕೂರಲು ಯಾರೋ ಹೇಳಿದರೆ ಅವರಿಗೂ ಬೈದಳು.

ಕಲ್ಲುಗಳನ್ನು ಕೊರೆದು ತೂತು ಬಿಡಿಸುವುದು ಮೊದಲ ಕೆಲಸ. ಬಿಡಿ ಕಲ್ಲು ಕೊರೆಯುವುದು ಬಂಡೆ ಕೊರೆಯುವುದಕ್ಕಿಂತ ಕಷ್ಟ. ಅದು ಬಿಟ್ಟಿನ ಜೊತೆ ತಾನೂ ತಿರುಗುತ್ತದೆ. ಬಿಟ್ಟನ್ನು ಹಿಡಿದ ಟೊಳ್ಳು ರಾಡ್ ಎರಡು ಸಲ ಸಿಕ್ಕಿಕೊಂಡಿತು, ಎರಡು ಸಲವೂ ನಿಧಾನಕ್ಕೆ ಹಿಂದೆ ಮುಂದೆ ಆಡಿಸಿ ಬಿಡಿಸಿಕೊಂಡೆ. ಮೆಷಿನ್ ಸದ್ದು ಮಾಡಿದಾಗಲೆಲ್ಲ ಸುತ್ತ ನಿಂತವರ ಮುಖ ಗಟ್ಟಿಯಾಗುತ್ತಿತ್ತು. "ನಮ್ಮ ಹೊಲದ ಕಲ್ಲು ಅದು" ಎಂದು ಒಬ್ಬ ಮುದುಕಿ ನನಗೆ ಕೇಳುವಂತೆ ಹೇಳಿದಳು. ಹಳೆಯ ಆಳಕ್ಕಿಂತ ಒಂದು ಗೇಣೂ ಕೆಳಗೆ ಹೋಗಕೂಡದೆಂದು ಗೌಡರು ಇಬ್ಬರನ್ನು ರಾಡ್‌ಗಳ ಹತ್ತಿರ ಕಾವಲು ಹಾಕಿದ್ದರು. ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದರು. ಕೊರೆಯಲು ಬೇಕಾದ ನೀರನ್ನು ಮಾತ್ರ ಬಾವಿಯಿಂದ ಸೇದಿಕೊಳ್ಳಲು ಬಿಟ್ಟರು, ಅದು ಹೇಗೂ ನಮ್ಮ ತೂತಿನದೇ ಎಂದು.

ತೂತು ತಳದವರೆಗೆ ಬಿಡಿಸಿ, ಕೇಸಿಂಗ್ ಕೂರಿಸಿದೆ. ನಾಲ್ಕನೆಯ ತುಂಡಿನೊಳಗೆ ನೀರು ಏರಿತು. ಮೆಷಿನ್ನಿನ ಮೇಲೆ ಹತ್ತಿ ಬಗ್ಗಿ ನೋಡಿದೆ. ಬಾಯಿಗಿಂತ ಒಂದು ಮೊಳ ಕೆಳಗೆ, ಅವತ್ತಿನ ಜಾಗದಲ್ಲೇ, ನಿಂತಿತ್ತು.

ಸಿಮೆಂಟ್ ಕಲಸಲು ಒಳ್ಳೆಯ ನೀರು ಬೇಕು ಎಂದೆ, ತೂತಿನ ನೀರಿನಲ್ಲಿ ಸರಿಯಾಗಿ ಗಟ್ಟಿಯಾಗುವುದೆಂಬ ನಂಬಿಕೆ ನನಗಿರಲಿಲ್ಲ. ಊರಿನವರು ಕೆರೆಯಿಂದ ಕೊಡಗಟ್ಟಲೆ ನೀರು ಹೊತ್ತು ತಂದರು. ನನ್ನ ಗಂಟಲು ಬೆಳಗಿನಿಂದ ಒಣಗಿತ್ತು. ಒಂದು ಕೊಡಕ್ಕೆ ಕೈ ಹಾಕಿ ಬೊಗಸೆ ಒಡ್ಡಿದೆ. ಬಾವುಟ ಹೊತ್ತವಳು ಅಲ್ಲಿಂದಲೇ ಗದರಿದಳು.

"ಏ! ಅದು ನಿನಗಲ್ಲ. ತೂತಿಗೆ."

ಬೊಗಸೆ ಹಿಂದಕ್ಕೆ ತೆಗೆದೆ. ಅಂಥ ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಆ ಸಿಟ್ಟಿನಲ್ಲೇ ಸಿಮೆಂಟ್ ಕಲಸಿದೆ, ಒಂದು ಗಂಟೂ ಉಳಿಯದಂತೆ.

ಮೇಲಿನಿಂದ ಸುರಿದರೆ ಸಿಮೆಂಟ್ ನೀರಿನಲ್ಲಿ ಕದಡಿಹೋಗುತ್ತದೆ. ರಾಡ್ ಅನ್ನು ತಳದವರೆಗೆ ಇಳಿಸಿ, ಅದರೊಳಗಿಂದ ಗಂಜಿಯಂಥ ಸಿಮೆಂಟ್ ಪಂಪ್ ಮಾಡುತ್ತ, ಅದು ತುಂಬಿದಂತೆಲ್ಲ ರಾಡ್ ಮೇಲಕ್ಕೆ ಎಳೆದುಕೊಳ್ಳಬೇಕು. ತಳದಿಂದ ಏರುವ ಸಿಮೆಂಟ್ ನೀರನ್ನು ಮುಂದೆ ತಳ್ಳಿಕೊಂಡು ಬರುತ್ತದೆ. ಮೊದಲು ಕೊಳವೆಯ ಬಾಯಿಂದ ತುಕ್ಕಿನ ನೀರು ಸುರಿಯಿತು, ಆಮೇಲೆ ಬೂದಿ ಬಣ್ಣದ ನೀರು, ಕೊನೆಗೆ ನಾನು ಕಳಿಸಿದಷ್ಟೇ ಗಟ್ಟಿಯಾದ ಸಿಮೆಂಟ್ ಬಂದು ಬಾಯಿಂದ ಇಳಿಯಿತು. ಪಂಪ್ ನಿಲ್ಲಿಸಿ ಕಾದೆ. ಏನೂ ಮೇಲೆ ಬರಲಿಲ್ಲ. ಆಪರೇಟರ್ ನೆಲಕ್ಕೆ ಕೂತುಬಿಟ್ಟ.

ಸಿಮೆಂಟ್ ಗಟ್ಟಿಯಾಗುವವರೆಗೆ ಲಾರಿಯಲ್ಲೇ ಮಲಗಿ ಕಾದೆವು. ಬಾವಿಯನ್ನು ಮೋಟಾರು ಹಾಕಿ ಬರಿದು ಮಾಡಿದರು. ಮರುದಿನ ಗೌಡರು ಹಗ್ಗ ಬಿಟ್ಟು ನೋಡಿದರು: ತಳದಲ್ಲಿ ಒಂದಿಷ್ಟು ನೀರು ಜಿನುಗಿತ್ತು, ಎಲ್ಲ ಬೇಸಿಗೆಯಲ್ಲಿ ಇರುವಷ್ಟೇ. ತಣ್ಣಗಿತ್ತು. ಬಾವಿಯ ನೀರನ್ನು ಲ್ಯಾಬಿಗೆ ಕಳಿಸಿ, ಉತ್ತರ ಬರುವವರೆಗೆ ಅದನ್ನು ಯಾರೂ ಮುಟ್ಟಕೂಡದೆಂದು ಅವರೇ ಸಾರಿದರು. ಅಡುಗೆಯವಳು ಮಾತ್ರ ಒಂದು ತಂಬಿಗೆ ಒಯ್ದು ಬೇಳೆ ಇಟ್ಟಳಂತೆ. ಬೆಂದಿತು ಎಂದು ಯಾರೋ ಬಂದು ಹೇಳಿದರು. ಬೇಸಿಗೆಯಲ್ಲಿ ಬಾವಿ ಇಳಿದದ್ದಕ್ಕೆ ಒಂದು ಊರು ನೆಮ್ಮದಿಯ ಉಸಿರು ಬಿಟ್ಟದ್ದನ್ನು ನಾನು ಅಲ್ಲೇ ನೋಡಿದ್ದು.

ಇನ್ನೊಂದು ಕೆಲಸ ಬಾಕಿ ಇತ್ತು. ಕೊಳವೆಯನ್ನು ನೆಲದ ಮಟ್ಟಕ್ಕೆ ಕತ್ತರಿಸಿ, ಮೇಲೊಂದು ಗಿಡ್ಡ ಸಿಮೆಂಟ್ ಕಂಬ ಕೂರಿಸಿ, ಅದರ ಮೇಲೆ ಕಂಪನಿಯ ಹೆಸರೂ ತೂತಿನ ನಂಬರೂ ಬರೆದು ಫೋಟೋ ಕಳಿಸುವುದು ನಮ್ಮ ಪದ್ಧತಿ. ಕತ್ತರಿಸುವ ಮೆಷಿನ್ ಕೈಗೆ ತೆಗೆದುಕೊಂಡೆ. ತಿರುಗಿ ನೋಡಿದರೆ ಅವಳು ಏಣಿ ಹತ್ತಿ ಬಾವುಟವನ್ನು ಕೊಳವೆಯ ತುದಿಗೆ ಬಿಗಿಯುತ್ತಿದ್ದಳು. ಗೌಡರು ಏಣಿ ಹಿಡಿದುಕೊಂಡಿದ್ದರು. ಊರಿನವರೆಲ್ಲ ಸುತ್ತ ನಿಂತಿದ್ದರು.

ಕತ್ತರಿಸುವ ಮೆಷಿನ್ ಲಾರಿಗೆ ಹಾಕಿದೆ. ಮ್ಯಾನೇಜರಿಗೆ ಇದ್ದ ಹಾಗೆಯೇ ಫೋಟೋ ತೆಗೆದು ಕಳಿಸಿದೆ. ಅದಾದ ಮೇಲೆ ಆ ಕಂಪನಿಯಿಂದ ನನಗೆ ಕೆಲಸಕ್ಕೆ ಕರೆ ಬಂದಿಲ್ಲ.

ನಾನು ಹೊರಡುವಾಗ ಅವಳು ಏಣಿಯಿಂದ ಇಳಿದು ಕೊಳವೆಗೆ ಎರಡೂ ಕೈ ಕೊಟ್ಟು ಜಗ್ಗಿ ನೋಡಿದಳು.

"ಜೆಸಿಬಿ ಕಟ್ಟಿ ಎಳದ್ರ ಈಗ ಬರತೈತೇನು?"

"ಬರಲ್ಲ. ಒಳಗೆ ಹೊರಗೆ ಎಲ್ಲ ಸಿಮೆಂಟು."

"ನಿಮ್ಮ ಮಿಶನ್ನಿಗೆ?"

"ಅದಕ್ಕೂ ಬರಲ್ಲ."

"ನಿಮ್ಮ ಕಂಪನಿಯೋರು ಎಲ್ಲಾ ಕೂಡಿ ಬಂದ್ರ?"

"ಯಾರು ಬಂದ್ರೂ ಅದು ಅಲ್ಲಿಂದ ಅಳ್ಳಾಡಲ್ಲ ಅಕ್ಕಾ."

ಅವಳು ಕೈಗೆ ಅಂಟಿದ್ದ ಸಿಮೆಂಟಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು.

"ಹಂಗಾದ್ರ ಇನ್ನ ನೀ ಹೊರಡು" ಎಂದಳು.